ಉಜ್ಜಿಕೊಟ್ಟ ಹಲ್ಲು

"ಇದೇ ನೋಡಿ ಡಾಕ್ಟರೇ. ಎಲ್ಲಾ ಇದರಿಂದಲೇ ಆಗಿದ್ದು."

ಅಕ್ಕ ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಸರ್ಜನ್ ಮೇಜಿನ ಮೇಲಿಟ್ಟಳು. ಕದ್ದ ಮಾಲನ್ನು ಪೊಲೀಸರ ಮುಂದೆ ಬಿಚ್ಚುವವಳಂತೆ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬಿಡಿಸಿದಳು. ಒಳಗಿದ್ದದ್ದು ಭಾವನ ಕೆಳಗಿನ ಹಲ್ಲಿನ ಸೆಟ್ಟು. ಕುದುರೆಲಾಳದ ಹಾಗೆ ಬಾಗಿದ ಗುಲಾಬಿ ಒಸಡು, ಅದರ ಮೇಲೆ ಹದಿನಾಲ್ಕು ಹಲ್ಲು. ಎಡಗಡೆಯ ಅಂಚು ಮಾತ್ರ ಅರೆದು ಅರೆದು ಕಾಗದದಷ್ಟು ತೆಳ್ಳಗಾಗಿತ್ತು.

ಆ ಅಂಚನ್ನು ಅರೆದವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಇಪ್ಪತ್ತಾರು ವರ್ಷದಿಂದ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುತ್ತ ಬಂದವಳು. ಎಷ್ಟು ತೊಳೆದರೂ ಉಗುರಿನ ಬುಡದಲ್ಲಿ ಪ್ಲಾಸ್ಟರಿನ ಬಿಳುಪು ಉಳಿದೇ ಉಳಿಯುವ ಕೈಗಳನ್ನು ಅವಳೀಗ ಚೀಲದ ಕೆಳಗೆ ಬಚ್ಚಿಟ್ಟುಕೊಂಡಿದ್ದಳು.

"ಮಾಡಿಕೊಟ್ಟೋಳು ಇವಳೇ. ನನ್ನ ಒಡಹುಟ್ಟಿದ ತಂಗಿ," ಎಂದಳು ಅಕ್ಕ, ಅವಳ ಕಡೆ ತಿರುಗಿ ಕೂಡ ನೋಡದೆ. "ಏಳು ತಿಂಗಳಿಂದ ಚುಚ್ಚುತ್ತೆ ಚುಚ್ಚುತ್ತೆ ಅಂತ ಇವರು ಬಾಯಿ ಬಡ್ಕೊಂಡ್ರು. ಇವಳು ಕೆರೆದು ಕೊಟ್ಟಳು, ಮತ್ತೆ ಕೆರೆದು ಕೊಟ್ಟಳು. ಇದ್ದ ಒಂದು ಹುಣ್ಣನ್ನ ಕ್ಯಾನ್ಸರ್ ಮಾಡಿ ಕೂರಿಸಿದಳು."

ಭಾವ ರೋಗಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು, ಗೋಡೆಗೆ ತೂಗುಹಾಕಿದ ದವಡೆಯ ಚಿತ್ರವನ್ನು ಅದೇ ಮೊದಲ ಬಾರಿಗೆ ಕಂಡವರಂತೆ ನೋಡುತ್ತಿದ್ದರು.

ಸರ್ಜನ್ ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕವನ್ನು ಹಣೆಯ ಮೇಲಿಂದ ಕಣ್ಣಿಗೆ ಇಳಿಸಿ, ಸೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಕೆಲಸ ಅಚ್ಚುಕಟ್ಟಾಗಿದೆಯಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅಕ್ಕನ ಕಡೆ ತಿರುಗಿದರು. "ನೋಡೀಮ್ಮ, ಸೆಟ್ಟು ಚುಚ್ಚಿದ್ದಕ್ಕೆ ಈ ಗಡ್ಡೆ ಬಂದಿಲ್ಲ. ಗಡ್ಡೆ ಒಳಗೊಳಗೇ ಬೆಳೀತಾ ಬಂತು, ಅದಕ್ಕೇ ಸೆಟ್ಟು ಚುಚ್ಚೋಕೆ ಶುರುವಾಯ್ತು. ಬದಲಾಗ್ತಾ ಇದ್ದಿದ್ದು ಬಾಯಿ."

"ಅಯ್ಯೋ, ನೀವು ಒಳ್ಳೇ ಮಾತಿಗೆ ಹೇಳ್ತೀರಿ ಬಿಡಿ," ಎಂದಳು ಅಕ್ಕ.

ಸರ್ಜನ್ ಫೈಲು ತೆರೆದು ಪೆನ್ನು ಹಿಡಿದರು. "ಸಿಗರೇಟು?"

"ಇಲ್ಲ," ಎಂದರು ಭಾವ. "ಬಿಟ್ಟು ಒಂಬತ್ತು ವರ್ಷ ಆಯ್ತು."

"ಮುಂದಿನ ತಿಂಗಳಿಗೆ ಹತ್ತು ತುಂಬುತ್ತೆ," ಎಂದು ಅಕ್ಕ ತಿದ್ದಿದಳು. ಅಷ್ಟು ಹೊತ್ತಿನ ಸಿಟ್ಟಿನ ನಡುವೆಯೂ ಅವಳ ದನಿಯಲ್ಲಿ ಒಂದು ಹೆಮ್ಮೆ ತಲೆಯೆತ್ತಿತು. "ನಾನೇ ಬಿಡಿಸಿದ್ದು. ಒಂದೇ ದಿನಕ್ಕೆ. ಅವತ್ತಿಂದ ಮುಟ್ಟಿಲ್ಲ."

ಸರ್ಜನ್ ಬರೆದುಕೊಂಡರು. ತಂಗಿ ಆ ಪೆನ್ನಿನ ತುದಿಯನ್ನೇ ನೋಡುತ್ತ ಕೂತಳು.

ಭಾವನ ಮುಖ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ದನಿ ಗೊತ್ತಿಲ್ಲದವರಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಬರುವ ಬಸ್ಸು ಹೋಗುವ ಬಸ್ಸು ಕೂಗುವುದು ಅವರ ಕೆಲಸ. "ಪ್ರಯಾಣಿಕರ ಗಮನಕ್ಕೆ" ಎಂದು ಎತ್ತಿಕೊಂಡರೆ ಪದ್ಯ ಎತ್ತಿಕೊಂಡ ಹಾಗೆಯೇ. ಊರುಗಳ ಹೆಸರು ಒಂದರ ಹಿಂದೊಂದು ಏರಿ, ಇಳಿದು, ಕೊನೆಯ ಊರಿನ ಮೇಲೆ ಒಂದು ಉಸಿರಿನಷ್ಟು ನಿಂತು ಮುಗಿಯುತ್ತಿದ್ದವು. ಬಸ್ಸು ತಪ್ಪಿದವರು ಕೂಡ ಪಟ್ಟಿ ಮುಗಿಯುವ ತನಕ ನಿಂತು ಕೇಳಿಯೇ ಹೊರಡುತ್ತಿದ್ದರು. ಎರಡು ಬಸ್ಸುಗಳ ನಡುವೆ ಭಾವ ಗೂಡಿನ ಹಿಂದಿನ ನೀರಿನ ತೊಟ್ಟಿಯ ಬಳಿ ನಿಂತು ಸಿಗರೇಟು ಹಚ್ಚುತ್ತಿದ್ದರು. ದಿನಕ್ಕೆಷ್ಟು ಬಸ್ಸೋ ಹೆಚ್ಚು ಕಡಿಮೆ ಅಷ್ಟು ಸಿಗರೇಟು.

ಒಸಡು ಸೊರಗಿ, ಹಲ್ಲು ಒಂದೊಂದೇ ಅಲುಗಿ, ಐವತ್ತಮೂರರ ಹೊತ್ತಿಗೆ ಬಾಯಿ ಬರಿದಾಯಿತು. ಮೈಕಿನಲ್ಲಿ 'ಸ'ಕಾರವೆಲ್ಲ ಶಿಳ್ಳೆಯಾಗತೊಡಗಿದಾಗ ಅವರು ತಂಗಿಯ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅವಳು ಮುಂದಿನ ಹಲ್ಲುಗಳನ್ನು ಮೇಣದಲ್ಲಿ ಕೂದಲೆಳೆಯಷ್ಟು ಸರಿಸುವುದು, ಅವರು ಊರುಗಳ ಪಟ್ಟಿ ಒಪ್ಪಿಸುವುದು. ಇನ್ನೊಂದೆಳೆ ಸರಿಸುವುದು, ಮತ್ತೆ ಒಪ್ಪಿಸುವುದು. ಮೂರು ದಿನ ಹೀಗೆ ನಡೆದು, ನಾಲ್ಕನೆಯ ದಿನ ಶಿಳ್ಳೆ ನಿಂತುಹೋಯಿತು. "ಹಲ್ಲಮ್ಮ, ಬ್ರಹ್ಮನಿಗೂ ಬರದ ಕೆಲಸ ಕಣೇ ನಿಂದು!" ಎಂದು ಭಾವ ಹೊಸ ಹಲ್ಲು ಪೂರ್ತಿ ಬಿಟ್ಟು ನಕ್ಕರು. ಅಂದಿನಿಂದ ಮನೆಮಂದಿಗೆಲ್ಲ ಅವಳು ಹಲ್ಲಮ್ಮನೇ ಆದಳು.

ಅದಾಗಿ ಆರು ತಿಂಗಳಿಗೆ ಭಾವ ಕ್ಲಿನಿಕ್ಕಿನ ಹಿಂಬಾಗಿಲಿನಿಂದ ಬಂದು, ಸೆಟ್ಟು ತೆಗೆದುಕೊಟ್ಟು, ಒಂಚೂರು ಪಾಲಿಶ್ ಮಾಡಿಕೊಡು ಎಂದರು. ಅವಳು ಮೇಲಿನ ಸೆಟ್ಟಿನ ಅಂಗುಳದ ಭಾಗ ತಿರುಗಿಸಿ ನೋಡಿದಳು. ಚಹಾದ ಕಲೆ ಯಾವುದು, ಹೊಗೆಯ ಕಲೆ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಹಾ ಹಲ್ಲಿನ ಸಂದಿಯಲ್ಲಿ ಕೂರುತ್ತದೆ, ಬ್ರಷ್ಷಿಗೆ ಬಿಡುತ್ತದೆ. ಹೊಗೆ ಅಂಗುಳಕ್ಕೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಕಲ್ಲುಪುಡಿ ಹಚ್ಚಿ ಪಾಲಿಶ್ ಚಕ್ರಕ್ಕೆ ಕೊಡುವ ತನಕ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

"ಭಾವ, ಇದು ಚಹಾ ಅಲ್ಲ."

ಭಾವ ತುಟಿಯ ಮೇಲೆ ಬೆರಳಿಟ್ಟು, ಹುಬ್ಬು ಹಾರಿಸಿ ನಕ್ಕರು. "ದಿನಕ್ಕೆ ಎರಡೇ ಎರಡು. ನಿಮ್ಮಕ್ಕನ ಕಿವಿಗೆ ಬಿದ್ರೆ ನನ್ನ ಕಥೆ ಅಲ್ಲಿಗೆ ಮುಗೀತು, ಗೊತ್ತಲ್ಲ."

ಅವಳು ಹೇಳಲಿಲ್ಲ. ಹೆಣ್ಣುಮಗಳಿಗೆ ಪ್ಲಾಸ್ಟರ್ ಕಲಸುವ ಕಸುಬು ಯಾಕೆ ಎಂದು ಅಪ್ಪ ಹಟ ಹಿಡಿದಾಗ, ಎದುರು ಕೂತು ವಾದಿಸಿ ಗೆದ್ದವರು ಈ ಭಾವ. ಮೊದಲ ದಿನ ಅವಳನ್ನು ಕರೆದುಕೊಂಡು ಹೋಗಿ ಕ್ಲಿನಿಕ್ಕಿನ ಬಾಗಿಲಿಗೆ ಬಿಟ್ಟುಬಂದವರೂ ಅವರೇ. ಹೀಗಾಗಿ ತಿಂಗಳಿಗೊಮ್ಮೆ ಭಾವ ಬರುವುದು, ಅವಳು ಕಂದು ಕಲೆಯನ್ನು ಉಜ್ಜಿ ತೆಗೆದು ಪಳಪಳ ಮಾಡಿ ಕೊಡುವುದು, ಅವರು ಆ ಬಾಯಿ ಇಟ್ಟುಕೊಂಡು ಅಕ್ಕನ ಎದುರಿಗೆ ಹೋಗಿ ನಗುವುದು, ಐದು ವರ್ಷ ನಡೆಯಿತು. ಬಾಯಿಬಿಟ್ಟು ಒಂದು ಸುಳ್ಳು ಹೇಳು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಚಕ್ರ ತಿರುಗುತ್ತಿತ್ತು, ಅಷ್ಟೇ.

ಆಮೇಲೆ ಎಡಗಡೆ ಚುಚ್ಚಲು ಶುರುವಾಯಿತು. ನೋವಿರುವ ಜಾಗಕ್ಕೆ ಭಾವ ತಾವೇ ಸೆಟ್ಟಿನ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು ತರುತ್ತಿದ್ದರು. ಅವಳು ಆ ಚುಕ್ಕೆ ಅಳಿಯುವಷ್ಟು ಅರೆದು ಕೊಡುತ್ತಿದ್ದಳು. ನೋವಾದರೆ ತಪ್ಪು ಸೆಟ್ಟಿನದು, ಇದು ಅವಳು ಕಲಿತ ಮೊದಲ ಪಾಠ. ಬಾಯಿಯನ್ನು ನೋಡುವುದು ಮುಂದಿನ ಕೋಣೆಯ ಡಾಕ್ಟರ ಕೆಲಸ. ಅವಳ ಮೇಜಿಗೆ ಬರುವ ಬಾಯಿಗಳೆಲ್ಲ ಬಿಳಿ ಪ್ಲಾಸ್ಟರಿನವು. ಅವುಗಳಲ್ಲಿ ರಕ್ತ ಬರುವುದಿಲ್ಲ, ಹುಣ್ಣಾಗುವುದಿಲ್ಲ. ಡಾಕ್ಟರಿಗೊಮ್ಮೆ ತೋರಿಸಿ ಭಾವ ಎಂದರೆ, "ಹತ್ರ ಬಗ್ಗಿದ್ರೆ ವಾಸನೆ ಹಿಡೀತಾರೆ ಕಣೇ, ಬೇಡ. ನೀನೇ ನನ್ನ ಡಾಕ್ಟರು," ಎನ್ನುತ್ತಿದ್ದರು. ಆರು ಸಲ ಅರೆದಳು. ಏಳನೆಯ ಸಲ ಭಾವನ ಮಾತೇ ತೊಡರತೊಡಗಿತ್ತು. ಅವಳು ಮೇಜಿನ ದೀಪವನ್ನು ತಿರುಗಿಸಿ, ಮೊದಲ ಬಾರಿಗೆ, ಸೆಟ್ಟು ಬಿಟ್ಟು ಬಾಯಿಯನ್ನು ನೋಡಿದಳು. ಒಸಡಿನ ಮೇಲೆ ಬಿಳಿ ಅಂಚು ಎದ್ದು, ನಡುವೆ ಗುಳಿ ಬಿದ್ದು, ಬಾಯೊಳಗೆ ಇನ್ನೊಂದು ಬಾಯಿ ತೆರೆದುಕೊಂಡಿತ್ತು. ಭಾವನ ತೋಳು ಹಿಡಿದು ದರದರನೆ ಎಳೆದುಕೊಂಡು ಮುಂದಿನ ಕೋಣೆಗೆ ಹೋದಳು.

ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, ಇದು ಹೇಗೆ ಬಂತು ಎಂದು ಅಕ್ಕ ಎದೆಎದೆ ಬಡಿದುಕೊಂಡಾಗ ಭಾವ ಹೇಳಿದ್ದು ಒಂದೇ ಮಾತು: "ಸೆಟ್ಟು ಚುಚ್ಚಿ ಚುಚ್ಚಿ ಹಿಂಗಾಯ್ತಂತೆ." ಆ ಮಾತಿಗೆ ಕಾಲು ಬಂದು ಮನೆಮನೆ ತಿರುಗಿತು. ಚಿಕ್ಕಮ್ಮ ಫೋನು ಮಾಡಿ ಬೈದಳು. ಕಾಯಿಲೆಯವರ ಮೇಲೆ ಹಗೆ ಸಾಧಿಸುವುದೇ ಎಂದು ಹನ್ನೆರಡು ದಿನ ತಂಗಿ ಎಲ್ಲವನ್ನೂ ನುಂಗಿಕೊಂಡಳು.

"ಮೇಲಿನ ಸೆಟ್ಟನ್ನೂ ತೆಗೀರಿ," ಎಂದರು ಸರ್ಜನ್, ಕೈಗವಸು ಹಾಕಿಕೊಳ್ಳುತ್ತ.

ಭಾವ ತೆಗೆದು ಸ್ಟೀಲಿನ ತಟ್ಟೆಗೆ ಹಾಕಿದರು. ಅದು ಟಣ್ಣೆಂದು ಬಿದ್ದು, ಮಗುಚಿ, ಅಂಗುಳ ಮೇಲಾಗಿ ನಿಂತಿತು. ತಂಗಿ ಕೂತಲ್ಲಿಂದಲೇ ಕಂಡಳು. ವರದಿ ಬಂದ ದಿನ ಬೆಳಗ್ಗೆ, ಆಸ್ಪತ್ರೆಯವರ ಮುಂದೆ ಚೆನ್ನಾಗಿ ಕಾಣಲಿ ಎಂದು, ಕನ್ನಡಿಯಾಗುವಷ್ಟು ಉಜ್ಜಿ ಕೊಟ್ಟಿದ್ದಳು. ಹನ್ನೆರಡೇ ದಿನ ಕಳೆದಿತ್ತು. ಅಂಗುಳದ ತುಂಬ ಹೊಸ ಕಂದು ಹರಡಿತ್ತು, ಸುಟ್ಟ ಹಾಲಿನ ಪಾತ್ರೆಯ ತಳದ ಹಾಗೆ. ದಿನಕ್ಕೆ ಎರಡು ಸಿಗರೇಟಿನದ್ದಲ್ಲ. ವರದಿಯನ್ನು ಕೈಯಲ್ಲಿ ಹಿಡಿದ ಮೇಲೂ, ಅಕ್ಕ ಅನ್ನ ಬಿಟ್ಟು ಮಲಗಿದ ಮೇಲೂ, ತಂಗಿಯನ್ನು ಊರೆಲ್ಲ ಉಗಿಯುತ್ತಿರುವಾಗಲೂ ಭಾವ ಸೇದಿ ಸೇದಿ ಕೂರಿಸಿದ ಕಂದು.

ಅವಳ ಅಂಗಾಲಿನಿಂದ ನೆತ್ತಿಯ ತನಕ ಬೆಂಕಿ ಹತ್ತಿತು.

ಸರ್ಜನ್ ನೋಡಿ ಮುಗಿಸಿ ಕೈ ತೊಳೆದು ಬಂದರು. "ಎಡಗಡೆ ದವಡೆ ಇಲ್ಲಿಂದ ಇಲ್ಲಿವರೆಗೆ ತೆಗೀಬೇಕು," ಎಂದು ತಮ್ಮದೇ ಗಲ್ಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಆ ಜಾಗಕ್ಕೆ ಕಾಲಿನ ಮೂಳೆ ತಂದು ಕೂರಿಸ್ತೀನಿ. ಮೂಳೆ ಬದುಕ್ಬೇಕಾದ್ರೆ ಅದರ ಜೊತೆ ಬಂದ ರಕ್ತನಾಳನ ಕತ್ತಿನ ರಕ್ತನಾಳಕ್ಕೆ ಹೊಲೀಬೇಕು. ಹೊಲಿಗೆ ದಾರ ಕಣ್ಣಿಗೆ ಕಾಣಲ್ಲ, ಅಷ್ಟು ಸಣ್ಣ ನಾಳ. ಸಿಗರೇಟಿನ ಹೊಗೆ ಹೋಯ್ತೋ, ಆ ನಾಳ ಮುದುಡುತ್ತೆ. ಮೂಳೆ ಸಾಯುತ್ತೆ, ಕಪ್ಪಾಗುತ್ತೆ, ಮತ್ತೆ ಕುಯ್ದು ಬಿಸಾಕ್ಬೇಕು. ಅದಕ್ಕೇ ಎರಡನೇ ಸಲ ಕೇಳ್ತಿದ್ದೀನಿ. ಬೇಜಾರು ಮಾಡ್ಕೋಬೇಡಿ. ಸೇದ್ತೀರಾ?"

"ಇಲ್ಲ ಡಾಕ್ಟರೇ." ಹಲ್ಲಿಲ್ಲದ ಬಾಯಿಂದ ಮಾತು ಮೆತ್ತಗೆ ಬಂತು. ಅದರ ಬೆನ್ನಿಗೇ ಭಾವ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ಹುಬ್ಬು ಹಾರಿಸಿದರು. ಅದೇ ಹಳೆಯ ಹುಬ್ಬು. ಹಲ್ಲಮ್ಮ ಇದ್ದಾಳಲ್ಲ, ಉಜ್ಜಿಕೊಡುತ್ತಾಳೆ.

ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಸುಳ್ಳು," ಎಂದಳು ತಂಗಿ. "ಇವತ್ತಿನವರೆಗೂ ಸೇದ್ತಿದ್ದಾರೆ."

"ಏ!" ಎಂದು ಅಕ್ಕ ಎದ್ದು ನಿಂತಳು. "ನಿನ್ನ ತಪ್ಪು ಮುಚ್ಕೊಳ್ಳೋಕೆ ಸಾಯೋ ಮನುಷ್ಯನ ಮೇಲೆ ಗೂಬೆ ಕೂರಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ತಂಗಿ ತಟ್ಟೆಯಿಂದ ಸೆಟ್ಟು ಎತ್ತಿಕೊಂಡಳು. ಅಂಗುಳದ ಮೇಲೆ ಹೆಬ್ಬೆರಳಿನ ಉಗುರು ಹಾಕಿ ಎಳೆದಳು. ಕಂದು ಬಣ್ಣದ ಜಿಗುಟು ಉಗುರಿನಲ್ಲಿ ತುಂಬಿತು, ಎಳೆದ ಜಾಗದಲ್ಲಿ ಗುಲಾಬಿ ಗೆರೆ ಮೂಡಿತು. ಅದನ್ನು ಅಕ್ಕನ ಮೂಗಿನ ಹತ್ತಿರ ಹಿಡಿದಳು. "ಮೂಸು."

"ತೆಗಿ ಆಚೆ!"

"ಮೂಸು ಅಕ್ಕ. ಹನ್ನೆರಡು ದಿನದ ಹಿಂದೆ ನಾನೇ ಉಜ್ಜಿ ಕೊಟ್ಟಿದ್ದು. ಇದು ಆಮೇಲೆ ಬಂದಿದ್ದು. ಮೂಸಿ ನೋಡು, ಆಮೇಲೆ ನನಗೆ ಎಷ್ಟು ಬೇಕಾದ್ರೂ ಬೈಯಿ."

ಅಕ್ಕ ಮೂಸಿದಳು. ಒಂದು ಸಲ. ನಂಬದವಳಂತೆ ಬಗ್ಗಿ ಮತ್ತೊಂದು ಸಲ. ಹತ್ತು ವರ್ಷದ ಹಿಂದೆ ದಿಂಬಿನಿಂದ, ಪರದೆಯಿಂದ, ಅಂಗಿಯ ಜೇಬಿನಿಂದ ತಾನೇ ತೊಳೆದು ಓಡಿಸಿದ್ದ ವಾಸನೆ ಅವಳಿಗೆ ಗುರುತು ಸಿಗದಿರಲು ಸಾಧ್ಯವಿರಲಿಲ್ಲ. ಅವಳು ನಿಧಾನವಾಗಿ ಗಂಡನ ಕಡೆ ನೋಡಿದಳು, ಆಮೇಲೆ ತಂಗಿಯ ಕಡೆ.

"ನಿನಗೆ ಯಾವಾಗಿಂದ ಗೊತ್ತು?"

"ಐದು ವರ್ಷದಿಂದ."

"ಐದು ವರ್ಷದಿಂದ ಉಜ್ಜಿ ಉಜ್ಜಿ ಕೊಡ್ತಿದ್ದೆ."

"ಹೂಂ."

"ನಾನು ಬಿಡಿಸಿದೆ, ನಾನು ಬಿಡಿಸಿದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆನಲ್ಲೇ. ಇಬ್ರೂ ಕೂತ್ಕೊಂಡು ನಗ್ತಿದ್ರಾ?"

ತಂಗಿ ಸೆಟ್ಟನ್ನು ಮತ್ತೆ ತಟ್ಟೆಗೆ ಇಟ್ಟಳು. ನಕ್ಕದ್ದು ಇತ್ತು, ಒಂದೆರಡು ಸಲ ಅಲ್ಲ.

"ಸಾಕು ಮಾಡಿ!" ಭಾವ ಕುರ್ಚಿಯ ತೋಳಿಗೆ ಗುದ್ದಿದರು. ಇಡೀ ನಿಲ್ದಾಣವನ್ನು ತುಂಬುತ್ತಿದ್ದ ದನಿ ಒಸಡುಗಳ ನಡುವೆ ಸಿಕ್ಕಿ, ಎಂಜಲಿನೊಂದಿಗೆ ಹೊರಬಿತ್ತು. "ಸಾಯೋನು ನಾನು. ಸಾಯೋ ಮುಂಚೆ ಎರಡು ದಮ್ಮು ಎಳೆದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ಸಾಯ್ತೀರಿ ಅಂತ ಯಾರು ಹೇಳಿದ್ದು?" ಎಂದರು ಸರ್ಜನ್. ಅವರ ದನಿ ಏರಿರಲಿಲ್ಲ, ಆದರೆ ಮೂವರೂ ಅವರ ಕಡೆ ತಿರುಗಿದರು. "ನಾನಂತೂ ಹೇಳಿಲ್ಲ. ಉಳಿಸೋಕೆ ಅಂತ ಕೂತಿದ್ದೀನಿ. ನನಗೇ ಸುಳ್ಳು ಹೇಳ್ತೀರಲ್ರೀ."

ಫೈಲಿನಲ್ಲಿ ಬರೆದಿದ್ದ ಸಾಲಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದರು. "ದಿನಕ್ಕೆಷ್ಟು?"

ಭಾವ ಒಂದು ಬೆರಳು ಎತ್ತಿದರು. "ಒಂದು ಪ್ಯಾಕು."

"ಇವತ್ತು?"

"ಎರಡು. ಗೇಟಿನ ಹತ್ರ."

"ನಾನು ಚೀಟಿ ಮಾಡಿಸೋಕೆ ಸಾಲಲ್ಲಿ ನಿಂತಿದ್ನಲ್ಲ, ಆವಾಗಾ?" ಎಂದಳು ಅಕ್ಕ. "ಬಾತ್‌ರೂಮಿಗೆ ಹೋಗಿ ಬರ್ತೀನಿ ಅಂದ್ರಲ್ಲ, ಆವಾಗಾ?"

ಭಾವ ತಲೆಯಾಡಿಸಿದರು. ಪ್ಯಾಂಟಿನ ಹಿಂದಿನ ಜೇಬಿಗೆ ಕೈಹಾಕಿ, ಚಪ್ಪಟೆಯಾಗಿದ್ದ ಪ್ಯಾಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸರ್ಜನ್ ಅದನ್ನು ಮುಟ್ಟಲೂ ಇಲ್ಲ.

"ಬಾಯಿ, ನಾಲಗೆ, ಗಂಟಲು, ದನಿಪೆಟ್ಟಿಗೆ, ಹೊಗೆ ಹೋಗೋ ದಾರೀಲಿ ಏನೇನು ಸಿಗುತ್ತೋ ಅಷ್ಟನ್ನೂ ಇದು ತಿನ್ನುತ್ತೆ," ಎಂದರು. "ಹೊರಗಡೆ ಕೂತಿದ್ದಾರಲ್ಲ, ಅವರಲ್ಲಿ ಮುಕ್ಕಾಲು ಪಾಲು ಜನರನ್ನ ಕೇಳಿ ನೋಡಿ. ಆಪರೇಷನ್ನಿಗೆ ಇನ್ನು ಮೂರು ವಾರ. ಒಂದು ದಮ್ಮೂ ಎಳೆಯೋ ಹಾಗಿಲ್ಲ. ಹಿಂದಿನ ದಿನ ಪರೀಕ್ಷೆ ಮಾಡಿಸ್ತೀನಿ, ಸೇದಿದ್ರೆ ಗೊತ್ತಾಗುತ್ತೆ. ಆವಾಗ ಗಡ್ಡೆ ತೆಗೀತೀನಿ, ಮೂಳೆ ಕೂರಿಸಲ್ಲ. ಅರ್ಧ ದವಡೆಯಲ್ಲಿ ಇರ್ಬೇಕಾಗುತ್ತೆ. ಮೈಕಿನ ಮುಂದೆ ಮತ್ತೆ ಕೂರ್ಬೇಕು ಅಂತ ಇದೆಯಾ?"

ಭಾವ ಒಣಗಿದ ತುಟಿಗಳನ್ನು ಸವರಿಕೊಂಡರು. "ಇದೆ," ಎಂದರು. ಅಷ್ಟು ಸಣ್ಣ ಮಾತನ್ನು ಅವರ ಬಾಯಿಂದ ತಂಗಿ ಎಂದೂ ಕೇಳಿರಲಿಲ್ಲ. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಅಷ್ಟೊಂದು ಆಸೆಯಿದ್ದವರು ಇನ್ನೊಬ್ಬರ ಕೈಗೆ ಮಸಿ ಹಚ್ಚಿ ಕೂತರಲ್ಲ. ತಾನಾದರೂ ಏನು? ಐದು ವರ್ಷ ರೋಗದ ಗುರುತನ್ನು ಕೈಯಾರೆ ಅಳಿಸಿ, ಒರೆಸಿ, ಹೊಳಪು ಕೊಟ್ಟು ಮನೆಗೆ ಕಳಿಸಿದವಳು.

ಓಣಿಯ ಉದ್ದಕ್ಕೂ ಜನ ಕೂತಿದ್ದರು. ಕತ್ತಿಗೆ ಬಟ್ಟೆ ಸುತ್ತಿಕೊಂಡ ಒಬ್ಬರು ಮಾತಾಡುವ ಮುನ್ನ ಕೊರಳಿನ ತೂತಿಗೆ ಬೆರಳು ಒತ್ತಿಕೊಳ್ಳುತ್ತಿದ್ದರು. ಅರ್ಧ ಮುಖ ಒಳಗೆ ಕುಸಿದ ಇನ್ನೊಬ್ಬರಿಗೆ ಹೆಂಡತಿ ಕೊಳವೆಯಿಂದ ನೀರು ಕುಡಿಸುತ್ತಿದ್ದಳು. ಅಕ್ಕ ಎಲ್ಲರನ್ನೂ ದಾಟಿ ದಡದಡನೆ ಮುಂದೆ ನಡೆದಳು. ಅವಳ ಹಿಂದೆ ಭಾವ, ನಾಲ್ಕು ಹೆಜ್ಜೆ ಬಿಟ್ಟು ತಂಗಿ.

"ಅಕ್ಕಾ..."

"ನೀನು ಮಾತಾಡ್ಬೇಡ. ಇವತ್ತಲ್ಲ, ನಾಳೆಯಲ್ಲ, ನಾನಾಗಿ ಕರೆಯೋವರೆಗೂ ಮಾತಾಡ್ಬೇಡ."

"ನಾನು ಮೊದಲೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಎಂದಳು ಅಕ್ಕ. "ಇವರ ಮೇಲೆ ನನಗೆ ಸಿಟ್ಟು ಇದೆ, ಇಲ್ಲ ಅನ್ನಲ್ಲ. ಆದ್ರೆ ಇವರು ಸೇದೋ ಮನುಷ್ಯ, ಸುಳ್ಳು ಹೇಳಿದ್ರು. ನೀನು ಸೇದ್ತಾ ಇರ್ಲಿಲ್ಲ. ನೀನು ಯಾಕೆ ಸುಳ್ಳು ಹೇಳಿದೆ?"

ಓಣಿ ಮುಗಿಯುವಲ್ಲಿ ದೊಡ್ಡ ಕಿಟಕಿಯೊಂದಿತ್ತು, ಅದರ ಕೆಳಗೆ ಉದ್ದನೆಯ ಬೆಂಚು. ಮಧ್ಯಾಹ್ನದ ಬಿಸಿಲು ಬೆಂಚಿನ ಮೇಲೆ ಪೂರ್ತಿ ಬಿದ್ದಿದ್ದರಿಂದ ಅಲ್ಲಿ ಯಾರೂ ಕೂತಿರಲಿಲ್ಲ. ಅಕ್ಕ ಅಲ್ಲಿ ನಿಂತಳು.

"ಕೂತ್ಕೊಳ್ಳಿ," ಎಂದಳು ಗಂಡನಿಗೆ.

ಭಾವ ಕೂತರು.

"ತೆಗೀರಿ."

"ಏನನ್ನ? ಪ್ಯಾಕು ಅಲ್ಲೇ ಕೊಟ್ಟುಬಂದ್ನಲ್ಲೇ. ಇನ್ನೇನೂ ಇಲ್ಲ, ಬೇಕಾದ್ರೆ ಜೇಬು ನೋಡು."

"ಬಾಯಿ ತೆಗೀರಿ."

"ಇಲ್ಲಾ? ಜನ ನೋಡ್ತಿದ್ದಾರೆ ಕಣೇ."

"ನೋಡ್ಲಿ. ಇವಳು ನೋಡಿದಳು. ಹಲ್ಲಿನ ಡಾಕ್ಟರು ನೋಡಿದ್ರು. ಈ ಡಾಕ್ಟರಮ್ಮ ಲೈಟು ಹಾಕ್ಕೊಂಡು ನೋಡಿದ್ರು. ಮೂವತ್ತೊಂದು ವರ್ಷದಿಂದ ಪಕ್ಕದಲ್ಲಿ ಮಲಗೋಳು ನಾನೊಬ್ಬಳು ನೋಡಿಲ್ಲ." ಅವಳ ದನಿ ಒಡೆಯಿತು, ಒಡೆದದ್ದಕ್ಕೂ ಸಿಟ್ಟು ಬಂದವಳಂತೆ ಹಲ್ಲು ಕಚ್ಚಿ ಹೇಳಿದಳು, "ತೆಗೀರಿ ಅಂದೆ."

ಭಾವ ಬಾಯಿ ತೆರೆದರು. ಎರಡು ಬೆರಳಿನಷ್ಟು ತೆರೆದು, ಅದರಾಚೆಗೆ ದವಡೆ ಬರಲಿಲ್ಲ. ಅಕ್ಕ ಅವರ ಗಲ್ಲವನ್ನು ಅಂಗೈಯಲ್ಲಿ ಹಿಡಿದು ಕಿಟಕಿಯ ಕಡೆ ಎತ್ತಿ, ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ, ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಹಾದುಹೋಗುವವರು ಒಂದು ಗಳಿಗೆ ನಿಂತು ಮುಂದೆ ಹೋದರು. ಭಾವನ ಕಣ್ಣಂಚಿನಿಂದ ಇಳಿದ ನೀರು ಅಕ್ಕನ ಮಣಿಕಟ್ಟಿನವರೆಗೆ ಹರಿಯಿತು. ಅವಳು ಕೈ ತೆಗೆಯಲಿಲ್ಲ.

ಕಿಟಕಿಯ ಬಳಿ ನಿಂತಿದ್ದ ತಂಗಿಗೆ ತನ್ನ ನೆರಳು ಭಾವನ ಮುಖದ ಮೇಲೆ ಬಿದ್ದಿರುವುದು ಆಗ ಕಂಡಿತು. ಅವಳು ಸದ್ದಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.